ರೇಡಿಯೊಗೆ ದೃಷ್ಟಿ ತೆಗೆದ ಅಜ್ಜಿ

“ಯಪ್ಪಾ, ನಿಮ್ಮ ಬಲ್ಬ್ ಆರಾಕತ್ತದ! ನನ್ನ ಬ್ಯಾಟರಿ ಸತ್ತೇ ಹೋತೇನ್ರಿ?”

ಹತ್ತಿರದ ಹಳ್ಳಿ ಕುರ್ಡಿಯಿಂದ ಬ್ಯಾಟರಿ ಹೊತ್ತು ತಂದಿದ್ದ ಹನುಮವ್ವಜ್ಜಿ ಗಾಬರಿಯಿಂದ ಕೂಗಿದಳು. ಎಂಬತ್ತರ ದಶಕದ ಮಾತು. ಮಾನ್ವಿಯ ನಮ್ಮ ಮನೆಯಲ್ಲಿ ನಾನೇ ಜೋಡಿಸಿದ್ದ ಚಾರ್ಜರಿಗೆ ಅದನ್ನು ಬೆಳಿಗ್ಗೆಯೇ ಹಚ್ಚಿದ್ದೆ. ಕರೆಂಟು ಮಿತಿಮೀರಿ ನುಗ್ಗದಿರಲೆಂದು ನಡುವೆ ಕಾರಿನ ಬಲ್ಬೊಂದನ್ನು ಸೇರಿಸಿದ್ದೆ. ಅಂದು ಸಂಜೆ ಅಜ್ಜಿಯ ಮೊಮ್ಮಗಳು ಮೊದಲ ಬಾರಿ ರೇಡಿಯೊದಲ್ಲಿ ಹಾಡುವವಳಿದ್ದಳು. ಅವರ ಮನೆಯ ರೇಡಿಯೊ ನಡೆಯುತ್ತಿದ್ದುದು ಈ ಬ್ಯಾಟರಿಯಿಂದಲೇ.

“ಸತ್ತಿಲ್ಲ ಯವ್ವಾ, ಅದರ ಹೊಟ್ಟಿ ತುಂಬಾಕತ್ತದ. ಈಗ ಕರೆಂಟ್ ಕಡಿಮಿ ಎಳೀತದ, ಅದಕ್ಕ ಬಲ್ಬ್ ಮಂಕಾಗೇದ,” ಎಂದೆ.

ಅಜ್ಜಿಗೆ ನಂಬಿಕೆ ಬರಲಿಲ್ಲ. ಬ್ಯಾಟರಿ ಹಿಡಿದು ನಾನೂ ಅವಳೊಂದಿಗೆ ಕುರ್ಡಿಯ ಬಸ್ಸು ಹತ್ತಿ, ಅವರ ರೇಡಿಯೊಗೆ ಅದನ್ನು ಜೋಡಿಸಿಕೊಟ್ಟೆ. ಸಂಜೆ ಮೊಮ್ಮಗಳ ದನಿ ತೇಲಿಬಂದದ್ದೇ ತಡ, ಅಜ್ಜಿ ರೇಡಿಯೊಗೇ ದೃಷ್ಟಿ ತೆಗೆದು ಲಟಲಟನೆ ನೆಟಿಗೆ ಮುರಿದಳು. ಮನೆತುಂಬ ನಗು.

ಹಾಡು ಯಾವುದೆಂದು ಮರೆತಿದ್ದೇನೆ. ನಾನು ಕೈಯಾರೆ ಮಾಡಿದ್ದೊಂದು ಇನ್ನೊಬ್ಬರ ಮನೆಯನ್ನು ಅಷ್ಟು ನಗಿಸಿದ್ದು ಅದೇ ಮೊದಲು.