ಇರ್ಮಾ ಆಂಟಿಯ ಕಿವಿ

ನನ್ನ ಒಂದು ಮಾತಿನಿಂದ ಇರ್ಮಾ ಆಂಟಿಗೆ ಚರ್ಚಿನ ಪಿಯಾನೊ ಕೈತಪ್ಪಿ ಹೋಗುತ್ತದೇನೋ ಎಂಬ ಚಿಂತೆ ಒಂದು ವಾರದಿಂದ ನನ್ನನ್ನು ಕಾಡುತ್ತಿತ್ತು. ಮಗಳ ಕೆಮ್ಮು, ಸ್ಕೂಲ್ ಬಸ್ಸಿನ ಟಯರು, ಹಿಮ ಗಟ್ಟಿದ ಮೆಟ್ಟಿಲು, ನನಗೆ ಚಿಂತೆಗಳಿಗೇನೂ ಬರವಿಲ್ಲ. ಅವೆಲ್ಲ ಬಂದು ಹೋಗುವ ನೆಂಟರು. ಇದು ಮಾತ್ರ ಠಿಕಾಣಿ ಹೂಡಿಬಿಟ್ಟಿತ್ತು.

ನಮ್ಮ ಪುಟ್ಟ ಊರು ಆಲ್ಟೋನಾದಲ್ಲಿ ಮನೆಮನೆಯ ಪಿಯಾನೊಗೂ ಚರ್ಚಿನ ಪಿಯಾನೊಗೂ ಶ್ರುತಿ ಕೂಡಿಸುವವರು ಇರ್ಮಾ ಡ್ಯೂಕ್. ವಯಸ್ಸು ಎಪ್ಪತ್ತೆರಡು. ಹದಿನೆಂಟರಲ್ಲಿ ಟ್ರ್ಯಾಕ್ಟರಿನ ಸ್ಪ್ಯಾನರ್ ಹಿಡಿದು ಅಪ್ಪನ ಪಿಯಾನೊದ ಬಿರಡೆ ತಿರುಗಿಸಿ ಮೂರು ತಂತಿ ಕಡಿದರಂತೆ. ಬೈಗುಳ ತಪ್ಪಿಸಿಕೊಳ್ಳಲು ವಿನ್ನಿಪೆಗ್‌ಗೆ ಓಡಿ, ಕಸುಬು ಕಲಿತೇ ಹಿಂದಿರುಗಿದರು. ಚಳಿಗಾಲದಲ್ಲಿ ಮನೆಯ ಹೀಟರ್ ಹಚ್ಚಿ ಮೂರು ವಾರ ಆಗುವ ತನಕ ಎಷ್ಟು ಕರೆದರೂ ಬರುವುದಿಲ್ಲ. ಪಿಯಾನೊದ ಮರ ಒಣಗಿ ತೆಪ್ಪಗಾಗಲಿ ಎನ್ನುತ್ತಾರೆ. ಬಂದವರು ಮೊದಲು ಗುಂಯ್‌ಗುಡುವ ಫ್ರಿಜ್ ಆರಿಸಿ, ತಮ್ಮ ಕಾರಿನ ಕೀಲಿಯನ್ನು ಅದರೊಳಗೆ ಬೆಣ್ಣೆಯ ಪಕ್ಕ ಇಡುತ್ತಾರೆ. ಹೊರಡುವಾಗ ಫ್ರಿಜ್ ಹಚ್ಚಲು ಮರೆತರೆ ಮನೆಗೆ ಹೋಗುವಂತಿಲ್ಲವಲ್ಲ.

ನಾನು ವಿನ್ನಿಪೆಗ್‌ನಲ್ಲಿ ಓದಿದವಳು. ಹೋದ ವಾರ ಅವರು ನಮ್ಮ ಪಿಯಾನೊ ಸರಿಮಾಡಿ ಹೋದ ಮೇಲೆ ಶ್ರುತಿ ಅಳೆಯುವ ಆ್ಯಪ್ ಇಳಿಸಿಕೊಂಡು ಒಂದೊಂದೇ ಸ್ವರ ಪರೀಕ್ಷಿಸಿದೆ. ಮೇಲಿನವೆಲ್ಲ ತುಸು ಏರಿದ್ದವು, ಕೆಳಗಿನವು ಇಳಿದಿದ್ದವು. ಪಾಪ, ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡು ಅತ್ತೆಯ ಹತ್ತಿರ ಹೇಳಿಬಿಟ್ಟೆ. ಅತ್ತೆ ಅಗಾಥಾ ಚರ್ಚಿನ ಸಂಗೀತ ಸಮಿತಿಯ ಮುಖ್ಯಸ್ಥೆ. ಕ್ರಿಸ್‌ಮಸ್ಸಿಗೆ ಪೇಟೆಯಿಂದ ಬೇರೆಯವರನ್ನು ಕರೆಸೋಣವೆಂದು ಗುರುವಾರ ಸಂಜೆಗೆ ಸಭೆಯನ್ನೇ ಕರೆದರು.

ಗುರುವಾರ ಮಧ್ಯಾಹ್ನ ತಡೆಯಲಾರದೆ, ಒಂದು ಸ್ವರ ಸರಿಯಿಲ್ಲ ಎಂಬ ನೆಪ ಹೇಳಿ ಇರ್ಮಾ ಆಂಟಿಯನ್ನು ಕರೆಸಿದೆ. ಫೋನು ತೋರಿಸಿದೆ.

"ಮೇಲಿಂದೆಲ್ಲಾ ಏರಿದೆ ಅಂತ ತೋರಿಸ್ತಿದೆ ಆಂಟಿ."

"ಗೊತ್ತು. ಏರಿಸಿದ್ದೇ ನಾನು."

ಅವರು ಕೊನೆಯ ಸ್ವರವೊಂದರ ಬಿರಡೆಯನ್ನು ಫೋನು ಹಸಿರಾಗುವ ತನಕ ತಿರುಗಿಸಿದರು. "ಈಗ ನಿನ್ನ ಫೋನಿಗೆ ಸಮಾಧಾನ. ಬಾ ಲೀಸ್ಬೆತ್, ಇದೇ ಸ್ವರದ ಕೆಳಗಿಂದು ಮೇಲಿಂದು ಎರಡೂ ಒಟ್ಟಿಗೆ ಒತ್ತು."

ಏಳು ವರ್ಷದ ನನ್ನ ಮಗಳು ಒತ್ತಿದಳು. ಹುಳಿ ಕಚ್ಚಿದವಳಂತೆ ಮುಖ ಕಿವುಚಿದಳು. "ಮೇಲಿಂದು ತೂಕಡಿಸ್ತಿದೆ."

ಆಂಟಿ ಬಿರಡೆಯನ್ನು ಕೂದಲೆಳೆಯಷ್ಟು ಬಿಗಿ ಮಾಡಿದರು. "ಈಗ?"

"ಈಗ ಎದ್ದಿತು."

ನನಗೂ ಕೇಳಿಸಿತು. ಬೇಡವೆಂದರೂ ಕೇಳಿಸಿತು.

ದಪ್ಪ ತಂತಿ ಮಿಡಿದಾಗ ಅದರೊಳಗಿಂದ ಸಣ್ಣಗೆ ಏಳುವ ಮರಿದನಿಗಳು ಲೆಕ್ಕಕ್ಕಿಂತ ಚೂರು ಮೇಲೇ ಹಾಡುತ್ತವಂತೆ. ಅವಕ್ಕೆ ಹೊಂದುವಂತೆ ಮೇಲಿನದನ್ನು ಎಳೆಯಬೇಕು, ಕೆಳಗಿನದನ್ನು ಸಡಿಲಿಸಬೇಕು. "ಫೋನು ಒಂದೊಂದೇ ಸ್ವರ ಕೇಳುತ್ತೆ," ಎಂದರು. "ಪಿಯಾನೊ ನುಡಿಸೋರು ಹಾಗೆ ಕೇಳಲ್ಲವಲ್ಲ."

ನಾನು ತಲೆ ತಗ್ಗಿಸಿ, ಅತ್ತೆಗೆ ಹೇಳಿದ್ದನ್ನೂ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು, ಇದು ಆಲ್ಟೋನಾ. ನಾನಿಟ್ಟ ಪ್ಲಮ್ ಹಣ್ಣಿನ ಕೇಕನ್ನು ನಿಧಾನವಾಗಿ ಮುಗಿಸಿ ಅಂದರು: "ನಲವತ್ತು ವರ್ಷದಿಂದ ಚರ್ಚಿನ ಪಿಯಾನೊನ ಮುಟ್ಟಿರೋಳು ನಾನೊಬ್ಬಳೇ. ಬೇರೆಯವರ ಕೈ ಬಿದ್ದರೆ ಆ ಭಾನುವಾರ ನಂಗೆ ಪ್ರಾರ್ಥನೆ ರುಚಿಸಲ್ಲ. ಅಷ್ಟೇ." ಕೇಕಿಗೆ ಸಕ್ಕರೆ ಕಮ್ಮಿಯಾಗಿದೆ ಎಂದೂ ಸೇರಿಸಿದರು.

ಅವರ ಕಾರು ತಿರುವು ದಾಟುವ ಮೊದಲೇ ಫೋನು ಎತ್ತಿಕೊಂಡೆ. ಮದುವೆಯಾಗಿ ಒಂಬತ್ತು ವರ್ಷ, ಅತ್ತೆಯ ಮುಂದೆ ನಾನು ಎಂದೂ ಆಡದ ಮಾತು ಆಡಬೇಕಿತ್ತು. ಎರಡು ಸಲ ಇಟ್ಟೆ. ಮೂರನೇ ಸಲ ಅತ್ತೆ ಎತ್ತಿದರು.

"ಅತ್ತೆ, ಇರ್ಮಾ ಆಂಟಿ ಕಿವಿ ಸರಿಯಾಗಿದೆ. ತಪ್ಪು ನಂದು."



"ತಡಿ, ಸ್ಪೀಕರ್ ಹಾಕ್ತೀನಿ," ಎಂದರು ಅತ್ತೆ. "ನಿಮ್ಮ ಮಾವನೂ ಕೇಳಿಸ್ಕೊಳ್ಲಿ. ಈಗ ಇನ್ನೊಂದ್ ಸಲ ಹೇಳು. ಆಮೇಲೆ ಇರ್ಮಾನೇ ಬರಲಿ ಅಂತ ಸಭೇಲಿ ಹೇಳ್ತೀನಿ."