ಮಗಳ ರಿಪೋರ್ಟಿನಲ್ಲಿ ನಾನು ಗೆರೆ ಎಳೆಯದೆ ಬಿಟ್ಟ ಸಾಲು

ಸಾನ್ವಿ ಗೋಡೆ ನೆಕ್ಕುತ್ತಿದ್ದಳು.

ಬ್ರಹ್ಮಪುರದ ನಮ್ಮ ಮನೆ ಹಳೆಯದು, ಸುಣ್ಣದ ಗೋಡೆ. ಎರಡೂವರೆ ವರ್ಷದ ಮಗಳು ಮಂಚದ ಹಿಂದೆ ಸರಿದು, ಉಗುರಿನಿಂದ ಸುಣ್ಣ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬೈದೆ. ಕೈ ತೊಳೆದೆ. ಮಂಚವನ್ನು ಗೋಡೆಗೆ ಒತ್ತಿ ಇಟ್ಟೆ. ಮರುದಿನ ಬಾಗಿಲ ಹಿಂದಿನ ಗೋಡೆ ಹಿಡಿದಿದ್ದಳು. ಮಕ್ಕಳು ಹೀಗೇ ಎಂದುಕೊಂಡು ಸುಮ್ಮನಾಗಿದ್ದೆ. ಆದರೆ ಓಣಿಯ ತುದಿಯವರೆಗೆ ಓಡುತ್ತಿದ್ದ ಹುಡುಗಿ ನಾಲ್ಕು ಹೆಜ್ಜೆಗೇ ‘ಎತ್ಕೋ’ ಎಂದು ಕೈ ಚಾಚತೊಡಗಿದಾಗ ನನಗೆ ದಿಗಿಲಾಯಿತು.

ಜಗತ್ ಸರ್ಕಲ್ ಹತ್ತಿರದ ಮಕ್ಕಳ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಹೊಟ್ಟೆ ಒತ್ತಿದರು. ರೂಟೀನ್ ಬ್ಲಡ್ ಟೆಸ್ಟ್ ಬರೆದುಕೊಟ್ಟು, ರಿಪೋರ್ಟ್ ತೆಗೆದುಕೊಂಡು ನಾಳೆ ಸಂಜೆ ಬನ್ನಿ ಎಂದರು. ರೂಟೀನ್ ಎಂಬ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ರಿಪೋರ್ಟ್ ಮರುದಿನ ಮಧ್ಯಾಹ್ನವೇ ಮೊಬೈಲಿಗೆ ಬಂತು. ನಾನಾಗ ಸ್ಟಾಫ್ ರೂಮಿನಲ್ಲಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು, ಅಂಕಿಗಳಿಗೆ ಹೆದರುವವಳಲ್ಲ ಎಂಬ ಜಂಬ ಬೇರೆ. ಪ್ರತಿ ಅಂಕಿಯ ಎದುರಿಗೆ ಎಷ್ಟರಿಂದ ಎಷ್ಟರವರೆಗೆ ಇರಬೇಕು ಎಂಬ ರೇಂಜ್ ಇತ್ತು. ಮೀರಿದ್ದರೆ ದಪ್ಪಕ್ಷರದಲ್ಲಿ ಹೈ, ಇಳಿದಿದ್ದರೆ ಲೋ. ಇಷ್ಟು ಓದುವುದಕ್ಕೆ ಡಾಕ್ಟರೇ ಯಾಕೆ ಬೇಕು?

ಲಿಂಫೋಸೈಟ್ಸ್ ಐವತ್ತೆಂಟು. ಇರಬೇಕಾದದ್ದು ಇಪ್ಪತ್ತರಿಂದ ನಲವತ್ತು. ಹೈ.

ಆಲ್ಕಲೈನ್ ಫಾಸ್ಫಟೇಸ್ ಇನ್ನೂರಾ ಅರವತ್ತೆರಡು. ಇರಬೇಕಾದದ್ದು ನೂರಾ ಮೂವತ್ತರೊಳಗೆ.

ಎರಡು ಪಟ್ಟು.

ಮೊಬೈಲಿನಲ್ಲಿ ಹುಡುಕಿದೆ. ಮೊದಲನೆಯದಕ್ಕೆ ಬ್ಲಡ್ ಕ್ಯಾನ್ಸರ್ ಎಂದು ಬಂತು, ಎರಡನೆಯದಕ್ಕೆ ಲಿವರ್. ಗಂಟೆ ಹೊಡೆಯಿತು. ಎಂಟನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ, ಬಿಡಿಸಲು ಆಗಲಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಹೊರಗೆ ಬಂದು ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಕಮಲಾಪುರದ ತಹಶೀಲ್ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಎಲ್ಲ ಕೇಳಿ, ಡಾಕ್ಟರು ನೋಡುವ ತನಕ ಸುಮ್ಮನಿರು ಎಂದರು. ಸುಮ್ಮನಿರುವುದಂತೆ! ಆ ಮನುಷ್ಯನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ದನಿಯೂ ನಡುಗುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಸಂಜೆ ಪ್ರಿಂಟ್ ತೆಗೆಸಿ, ಸಾನ್ವಿಯನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಆ ಎರಡು ಸಾಲುಗಳ ಕೆಳಗೆ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದೆ, ಪೇಪರ್ ತಿದ್ದುವವರ ಚಟ. ಡಾಕ್ಟರು ಗೆರೆ ನೋಡಿ ಸಣ್ಣಗೆ ನಕ್ಕರು.

“ಇಲ್ಲಿ ಛಾಪಿಸಿದ್ದು ದೊಡ್ಡವರ ರೇಂಜ್ ರೀ ಟೀಚರ್. ಇಷ್ಟು ಸಣ್ಣ ಮಕ್ಕಳಿಗಿ ಲಿಂಫೋಸೈಟ್ಸ್ ಹೆಚ್ಚೇ ಇರ್ತಾವ. ಇನ್ನ ಇದು, ಎಲುಬು ಬೆಳ್ಯಾಕತ್ತಾವ, ಅದಕ್ಕ ಏರ್ಯದ. ಬೆಳಿಯೋ ಕೂಸಿಗಿ ಹಿಂಗೇ ಇರಬೇಕು.”

ಲ್ಯಾಬಿನವರು ರಕ್ತವನ್ನು ಮೈಕ್ರೋಸ್ಕೋಪಿನಲ್ಲೂ ನೋಡಿದ್ದಾರೆ, ಕೆಟ್ಟ ಜೀವಕೋಶ ಒಂದೂ ಇಲ್ಲ ಎಂದರು. ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಸಾನ್ವಿ ನನ್ನ ಸೆರಗು ತೆಗೆದುಕೊಂಡು ನನ್ನ ಮೂಗು ಒರೆಸಿದಳು.

ಆಮೇಲೆ ಅವರು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. “ಇದಕ್ಕ ಯಾಕ ಗೆರಿ ಹೊಡ್ದಿಲ್ರಿ?”

ಹಿಮೋಗ್ಲೋಬಿನ್ ಎಂಟು ಪಾಯಿಂಟ್ ನಾಲ್ಕು. ಲೋ.

ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ, ದಾಟಿ ಮುಂದೆ ಹೋಗಿದ್ದೆ. ನಮ್ಮ ಮನೆಯ ಹೆಂಗಸರಿಗೆಲ್ಲ ಅಷ್ಟೇ ಇರುತ್ತದೆ ಎಂದೆ. ನನ್ನ ಹೆರಿಗೆಯ ಹೊತ್ತಿಗೆ ಒಂಬತ್ತಿತ್ತು. ನಮ್ಮವ್ವನಿಗೆ ಒಮ್ಮೆ ಎಂಟಕ್ಕಿಂತ ಕೆಳಗೆ ಬಂದಿತ್ತು. ಅವಳು ಒಂದು ಲೋಟ ಚಹಾ ಕುಡಿದು ಎಮ್ಮೆ ಹಿಂಡಲು ಹೋಗಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅಷ್ಟೇ ಇರ್ತದ ಅಂದ್ರ, ಅಷ್ಟೇ ಇರಬೇಕು ಅಂತಲ್ರಿ.”

ಮಗಳು ಏನು ಉಣ್ಣುತ್ತಾಳೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಕಮಲಾಪುರದಲ್ಲಿ ಅವ್ವನ ಎಮ್ಮೆ ಇದೆ, ನಮ್ಮವರು ದಿನಾ ಸಂಜೆ ಕ್ಯಾನಿನಲ್ಲಿ ಹಾಲು ತರುತ್ತಾರೆ, ಕೂಸು ದಿನಕ್ಕೆ ಒಂದು ಲೀಟರ್ ಕುಡಿಯುತ್ತದೆ. ರೊಟ್ಟಿ, ಬೇಳೆ, ಪಲ್ಯ? ಮುಟ್ಟುವುದಿಲ್ಲ. ಹೇಗೆ ಮುಟ್ಟೀತು, ಹೊಟ್ಟೆ ತುಂಬ ಹಾಲೇ ಇತ್ತು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲದಷ್ಟು ಕಡಿಮೆ, ಅತಿಯಾದರೆ ಬೇರೆ ಊಟದ ಕಬ್ಬಿಣವೂ ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಗೋಡೆ ನೆಕ್ಕುವುದಕ್ಕೂ ಅದೇ ಕಾರಣ. ಖಚಿತವಾಗಲಿ ಎಂದು ಇನ್ನೊಂದು ಟೆಸ್ಟ್ ಮಾಡಿಸಿದರು. ಅದರಲ್ಲೂ ಕಬ್ಬಿಣ ತಳ ಕಂಡಿತ್ತು. ಐರನ್ ಸಿರಪ್ ಬರೆದರು. ಹಾಲಿನ ಜೊತೆ ಬೇಡ, ಲಿಂಬೆರಸದ ಜೊತೆ ಕೊಡಿ ಎಂದರು. ಹಾಲು ಅರ್ಧ ಲೀಟರಿಗಿಂತ ಕಡಿಮೆ. ಕೊನೆಗೆ ಇನ್ನೊಂದು ಚೀಟಿಯಲ್ಲಿ ನನಗೂ ಹಿಮೋಗ್ಲೋಬಿನ್ ಟೆಸ್ಟ್ ಬರೆದರು. ಅದನ್ನು ಪರ್ಸಿನಲ್ಲಿಟ್ಟು ಮರೆತೆ.

ಭಾನುವಾರ ಕಮಲಾಪುರಕ್ಕೆ ಹೋಗಿ ಅವ್ವನಿಗೆ ಹೇಳಬೇಕಾಯಿತು. ಸಿರಪ್ ಕುಡಿಸುವುದಕ್ಕಿಂತ ಅದು ಕಷ್ಟವಿತ್ತು. ಅವಳು ಬಹಳ ಹೊತ್ತು ಸಾನ್ವಿಯ ಅಂಗೈ ತಿರುವಿ ತಿರುವಿ ನೋಡಿದಳು.

“ನನ್ನ ಕೈಯಾರೆ ಕೂಸಿಗಿ ಹಿಂಗ ಮಾಡ್ದೆನೇನವ್ವ?”

ಇಲ್ಲವ್ವ, ಓದಿದ ನನಗೇ ತಿಳಿಯಲಿಲ್ಲ ಎಂದೆ. ಖರೆ ಮಾತು ಅದು. ಅವಳು ಕಣ್ಣೊರೆಸಿಕೊಂಡು ಎದ್ದು ರಾಜಗಿರಿ ಸೊಪ್ಪು ಸೋಸಲು ಕೂತಳು. ಅಂದಿನಿಂದ ನಮ್ಮವರ ಚೀಲದಲ್ಲಿ ಹಾಲಿನ ಕ್ಯಾನು ಸಣ್ಣದಾಯಿತು, ಸೊಪ್ಪು, ಹೆಸರುಕಾಳು, ಕೆಂಪು ಬಾಳೆಹಣ್ಣು ಬರತೊಡಗಿದವು.

ಮೊದಲ ಎರಡು ವಾರ ಮನೆ ರಣರಂಗ. ಸಾನ್ವಿ ತಟ್ಟೆ ದೂಡುವಳು, ಹಾಲಿಗಾಗಿ ನೆಲಕ್ಕೆ ಬಿದ್ದು ಹೊರಳಾಡುವಳು. ಸಿರಪ್ಪಿನಿಂದ ಕಕ್ಕ ಕಪ್ಪಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರೂ ಕಂಡಾಗ ಮತ್ತೆ ಮೊಬೈಲ್ ಎತ್ತಿಕೊಂಡೆ, ಹುಡುಕದೆ ಕೆಳಗಿಟ್ಟೆ. ಮೂರನೇ ವಾರ ಒಂದು ಮಧ್ಯಾಹ್ನ ಬೇಳೆಯಲ್ಲಿ ನೆನೆಸಿದ ರೊಟ್ಟಿಯ ತುಣುಕನ್ನು ತಾನೇ ಬಾಯಿಗಿಟ್ಟುಕೊಂಡಳು. ನಾನು ನೋಡಿಯೂ ನೋಡದವಳಂತೆ ಕೂತಿದ್ದೆ.

ತಿಂಗಳಾದ ಮೇಲೆ ಮತ್ತೆ ಟೆಸ್ಟ್. ಲ್ಯಾಬಿನಲ್ಲಿ ಸಾನ್ವಿ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. “ನೀ ಮೊದಲ,” ಎಂದಳು.

ಪರ್ಸಿನಿಂದ ಆ ಚೀಟಿ ತೆಗೆದೆ. ತೋಳು ಚಾಚಿದೆ. ಸೂಜಿ ಚುಚ್ಚುವಾಗ ಅವಳು ಕಣ್ಣು ಮಿಟುಕಿಸದೆ ನೋಡಿದಳು, ಆಮೇಲೆ ತನ್ನ ಕೈ ಮುಂದೆ ಮಾಡಿದಳು.

ಈ ಸಲ ರಿಪೋರ್ಟನ್ನು ನಾನು ಮೊದಲು ಓದಲಿಲ್ಲ. ಡಾಕ್ಟರೇ ಎರಡೂ ಹಾಳೆ ಪಕ್ಕಪಕ್ಕ ಇಟ್ಟರು. ಅವಳದು ಹತ್ತು ಪಾಯಿಂಟ್ ಒಂದು.

ನನ್ನದು ಎಂಟು ಪಾಯಿಂಟ್ ಎರಡು.

“ಮಗಳು ನಿಮಗ ದಾಟಿ ಹೋಗ್ಯಾಳ ನೋಡ್ರಿ,” ಎಂದರು.

ಅವಳು ಹನ್ನೊಂದು ಮುಟ್ಟಬೇಕು, ಮುಟ್ಟಿದ ಮೇಲೂ ಕೆಲವು ತಿಂಗಳು ಸಿರಪ್ ಬಿಡುವಂತಿಲ್ಲ. ನನಗೆ ಯಾಕೆ ಹೀಗೆ ಎಂದು ಇನ್ನಷ್ಟು ಟೆಸ್ಟ್ ಆಗಬೇಕಿದೆ. ಮಾತ್ರೆ ಶುರುವಾಗಿದೆ. ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಲಿಂಬೆರಸ ಕುಡಿದು ಮುಖ ಹುಳ್ಳಗೆ ಮಾಡುತ್ತೇವೆ.

ಅವ್ವನನ್ನೂ ಟೆಸ್ಟಿಗೆ ಕರೆದೆ. ನಾ ಗಟ್ಟಿ ಇದ್ದೀನಿ, ಈ ವಯಸ್ಸಿನಾಗ ನನಗ್ಯಾಕ ಎಂದು ಫೋನಿನಲ್ಲೇ ಜಾಡಿಸಿದಳು. ಸಾನ್ವಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

“ಆಯಿ, ಸ್ವಲ್ಪೇ ನೋಯ್ತದ. ನಾ ಕೈ ಹಿಡ್ಕೋತೀನಿ.”

ಆ ಕಡೆಯಿಂದ ಅವ್ವ, ಭಾನುವಾರ ಬರ್ತೀನಂತ ನಿಮ್ಮವ್ವಗ ಹೇಳವ್ವ ಎಂದಳು.