ಎರಡು ಗುಂಡಿನ ಪಾಲ

ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಕೊಡಗಿನ ನಕ್ಷೆಯ ತೆಂಕಣ ಅಂಚಿಗೆ ಕೋಲು ಮುಟ್ಟಿಸಿ "ಸ್ಪಾರ್ಸ್‌ಲಿ ಪಾಪ್ಯುಲೇಟೆಡ್" ಎಂದಾಗ ನಾನು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅದು ನಮ್ಮ ಊರು. ಜನ ವಿರಳ ಎಂಬ ಅದರ ಅರ್ಥ ಆಗ ನನಗೆ ತಿಳಿದಿರಲಿಲ್ಲ, ಹೊಗಳಿಕೆ ಇರಬೇಕೆಂದುಕೊಂಡೆ.

ಶ್ರೀಮಂಗಲದಿಂದ ಎರಡು ಬೆಟ್ಟ ದಾಟಿದರೆ ಸಿಗುವ ಆ ಊರಿನಲ್ಲಿ ಒಂಬತ್ತು ಮನೆಗಳಿದ್ದವು. ಒಂದು ಮನೆಯಿಂದ ಇನ್ನೊಂದು ಕಾಣುತ್ತಿರಲಿಲ್ಲ. ಪ್ರತಿ ಮನೆಗೂ ಅದರದೇ ಗದ್ದೆ, ಅದರದೇ ಕಾಡು, ಅದರದೇ ಸ್ಮಶಾನ. ಹಾಗಾಗಿ ಮದುವೆ, ಸಾವು, ಜಗಳಗಳ ಹೊರತು ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ಅಗತ್ಯ ಬೀಳುತ್ತಿರಲಿಲ್ಲ. ನಡುವೆ ಒಂದು ಹೊಳೆ. ಈಚೆ ನಮ್ಮದೂ ಸೇರಿ ನಾಲ್ಕು ಮನೆ, ಆಚೆ ಐದು. ಶ್ರೀಮಂಗಲದ ದಾರಿ, ಬಸ್ಸು, ಮಡಿಕೇರಿ, ಇಂಗ್ಲೆಂಡು, ಎಲ್ಲವೂ ಆಚೆ ದಡದಲ್ಲಿದ್ದವು.

ಊರಿನ ಹಿಸ್ಟರಿ ಇನ್ನೂ ಚಿಕ್ಕದು. ರಾಜ ಬೇಟೆಗೆ ಬರುತ್ತಾನೆಂದು ಹಿಂದೊಮ್ಮೆ ದಾರಿ ಕಡಿದರಂತೆ, ಅವನು ಬರಲಿಲ್ಲ. ಆ ರಾಜನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಸುದ್ದಿ ನಮ್ಮವರಿಗೆ ತಲುಪಿದ್ದು ಆ ವರ್ಷದ ಮಳೆ ನಿಂತ ಮೇಲೆ ಎಂದು ತಾತ ಹೇಳುತ್ತಿದ್ದರು.

ಸುದ್ದಿ ದಾಟಿಸಲು ನಮ್ಮಲ್ಲಿ ಇದ್ದದ್ದು ಕೋವಿ. ಗಂಡು ಹುಟ್ಟಿದರೆ ಒಂದು ಗುಂಡು. ಯಾರಾದರೂ ಸತ್ತರೆ ಬೆನ್ನುಬೆನ್ನಿಗೆ ಎರಡು. ಹೆಣ್ಣು ಹುಟ್ಟಿದರೆ ಮದ್ದು ಉಳಿಯುತ್ತಿತ್ತು. ನಾನು ಹುಟ್ಟಿದ್ದು ಆಚೆ ದಡದವರಿಗೆ ಗೊತ್ತಾದದ್ದು ನನಗೆ ಹಲ್ಲು ಬಂದ ಮೇಲೆ. ಎರಡು ಗುಂಡು ಕೇಳಿಸಿದರೆ ಮಾತ್ರ ಯಾರೂ ಯೋಚಿಸುವಂತಿಲ್ಲ. ಮಾತು ಬಿಟ್ಟವರೂ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡಬೇಕು.

ಮಡಿಕೇರಿಯಲ್ಲಿ ನಾನು ಉಳಿದು ಓದುತ್ತಿದ್ದ ಕಾನ್ವೆಂಟು ಜೂನಿನಲ್ಲಿ ತೆರೆಯುತ್ತಿತ್ತು. ಹೊಳೆಯೂ ಜೂನಿನಲ್ಲೇ ತುಂಬುತ್ತಿತ್ತು. ದಾಟಲು ಅಡ್ಡ ಹಾಕಿದ ಮರವನ್ನು ಮೊದಲ ವಾರದಲ್ಲೇ ಕೊಚ್ಚಿಕೊಂಡು ಹೋಗುತ್ತಿತ್ತು. ನನ್ನನ್ನು ಮೊದಲೇ ದಾಟಿಸಿ ನೆಂಟರ ಮನೆಯಲ್ಲಿ ಇರಿಸಬಹುದಿತ್ತು. ಆದರೆ ಗದ್ದೆ ಇರುವವನ ಮೊಮ್ಮಗಳು ಬೇರೆಯವರ ಅನ್ನ ತಿನ್ನುವುದೇ ಎಂಬುದು ತಾತನ ತಕರಾರು. ಎರಡು ವರ್ಷ ನಾನು ಸೆಪ್ಟೆಂಬರಿನಲ್ಲಿ ಟ್ರಂಕಿನೊಂದಿಗೆ ಹೋಗಿ ಗೇಟಿನಲ್ಲಿ ನಿಂತೆ. ಇನ್ನೊಮ್ಮೆ ಹಾಗೆ ತಡವಾದರೆ ಸೀಟು ಬೇರೆ ಹುಡುಗಿಗೆ ಎಂದು ಮದರ್ ಕಾಗದ ಬರೆದರು. ತಾತ ಅದನ್ನು ಕ್ರಿಸ್‌ಮಸ್ ರಜೆಯಲ್ಲಿ ನನ್ನಿಂದಲೇ ಎರಡು ಸಲ ಓದಿಸಿ ಕೇಳಿದರು. ಮರುದಿನ ಹೊಳೆಗೊಂದು ಪಾಲ ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿಸಿದರು. ಪಾಲವೆಂದರೆ ನಮ್ಮಲ್ಲಿ ಸೇತುವೆ.

ಏಪ್ರಿಲಿನಲ್ಲಿ, ನಾನು ರಜೆಗೆ ಬಂದಿದ್ದಾಗ, ಮೈಸೂರು ಕಡೆಯ ಓವರ್‌ಸಿಯರ್ ಒಬ್ಬರು ಬಂದರು. ಬೇಸಿಗೆಯಲ್ಲಿ ಬತ್ತಿದ ಹೊಳೆಯನ್ನು ಬೂಟು ಒದ್ದೆಯಾಗದೆ ದಾಟಿದ್ದರು. ಅದೇ ನಮಗೆ ಮೊದಲ ಅಪಶಕುನ.

"ಇಲ್ಲಿ ಜನ ಎಲ್ಲಿದ್ದಾರೆ?" ಎಂದರು.

"ಇದ್ದಾರೆ," ಎಂದರು ತಾತ.

"ಬೆಳಿಗ್ಗೆಯಿಂದ ನಡೀತಾ ಇದೀನಿ. ಒಂದು ನಾಯಿ ಕಂಡೆ."

"ಅದು ನಮ್ಮದೇ."

"ನಾಯಿಗೆಲ್ಲ ಸೇತುವೆ ಸ್ಯಾಂಕ್ಷನ್ ಆಗಲ್ಲ ಸ್ವಾಮಿ. ಜನ ಇಲ್ಲ ಅಂತ ಬರೆದು ಹೋಗ್ತೀನಿ."

"ಬರೀರಿ. ಕಾಫಿ ಕುಡಿದು ಬರೀರಿ," ಎಂದು ತಾತ ಒಳಗೆ ಹೋದರು. ಕೋವಿ ತಂದರು. ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹೊಡೆದರು.

ಓವರ್‌ಸಿಯರರ ಕಾಫಿ ನೋಟುಬುಕ್ಕಿಗೆ ಹೋಯಿತು. ಅಜ್ಜಿ ಸೌಟು ಹಿಡಿದೇ ಓಡಿ ಬಂದರು. "ಹೇಳಿ ಹೊಡೀಬಾರದಾ? ಕೈ ತುಂಬ ಬಳೆ ಹಾಕ್ಕೊಂಡು ನಿಂತಿದ್ದೇನೆ. ಬಂದವರು ಎಂತ ತಿಳ್ಕೊಳ್ಳೋದು?"

"ನಾನು ಬದುಕಿದ್ದೇನೆ ಅಂತ ತಿಳ್ಕೊಳ್ತಾರೆ," ಎಂದರು ತಾತ.

ಬೆಟ್ಟಗಳಿಂದ ಜನ ಇಳಿಯತೊಡಗಿದರು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಕೆಲವರು ಗಂಜಿಯ ಪಾತ್ರೆ ಹೊತ್ತಿದ್ದರು. ಆಚೆ ದಡದ ಕೊನೆಯ ಮನೆಯ ದೊಡ್ಡಮ್ಮ, ಊರಿಗೇ ಹಿರಿಯರು, ಏರು ಹತ್ತುವಾಗಲೇ ಅಳಲು ಶುರು ಮಾಡಿದ್ದರು. ಅಂಗಳಕ್ಕೆ ಬಂದು ನೋಡಿದರೆ ತಾತ ಜಗುಲಿಯ ಹಲಗೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ.

"ಯಾರು ಹೋದದ್ದು?"

"ಯಾರೂ ಇಲ್ಲ ಅಕ್ಕ. ಕೂತ್ಕೊಳ್ಳಿ, ಎಣಿಸ್ತಾ ಇದ್ದಾರೆ."

"ಎಂತ ಎಣಿಸೋದು?"

"ನಿಮ್ಮನ್ನೇ."

ದೊಡ್ಡಮ್ಮ ಉಸಿರು ಎಳೆದುಕೊಂಡರು. "ಅಲ್ಲಿಂದ ಇಲ್ಲಿವರೆಗೆ ಅತ್ತದ್ದು ಉಂಟಲ್ಲ, ಅದನ್ನು ಎಂತ ಮಾಡಲಿ?"

"ಇಟ್ಕೊಳ್ಳಿ. ಬೇಕಾಗ್ತದೆ."

ಓವರ್‌ಸಿಯರ್ ಮೂರು ಸಲ ಎಣಿಸಿದರು. ಮೂರು ಬೇರೆ ಬೇರೆ ಲೆಕ್ಕ ಬಂತು. ದೊಡ್ಡದನ್ನು ಬರೆದುಕೊಂಡರು, ಒಳ್ಳೆಯ ಮನುಷ್ಯ. ಆದರೆ ಪಾಲ ಯಾತಕ್ಕೆ ಎಂಬ ಕಾಲಂ ಇತ್ತು. ಒಬ್ಬ ಹುಡುಗಿಯ ಕಾನ್ವೆಂಟಿಗೆ ಎಂದು ಬರೆದರೆ ಮೇಲಿನವರು ನಗುತ್ತಾರೆ ಎಂದರು. ಸುತ್ತ ನೋಡಿದರು. ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು. "ಫಾರ್ ಪ್ಯಾಸೇಜ್ ಆಫ್ ಫ್ಯೂನರಲ್ ಪಾರ್ಟೀಸ್" ಎಂದು ಬರೆದರು, ಅಂದರೆ ಹೆಣ ಹೊತ್ತವರು ದಾಟುವುದಕ್ಕೆ. ಅವರನ್ನು ಬಿಟ್ಟರೆ ಅಂಗಳದಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಒಂದು ಮನೆಯ ಹೆಣವೂ ಹೊಳೆ ದಾಟುವುದಿಲ್ಲ, ಎಲ್ಲರ ಸ್ಮಶಾನವೂ ಅವರವರ ಹಿತ್ತಲಿನಲ್ಲೇ ಇದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮೇ ಕೊನೆಗೆ ಎರಡು ದಿಮ್ಮಿ, ಮೇಲೆ ಹಲಗೆ, ಒಂದು ಕಡೆ ಕೈಯಾಸರೆಯ ಪಾಲ ಎದ್ದಿತು. ಜೂನಿನಲ್ಲಿ ಅದರ ಮೇಲೆ ಹೋದ ಮೊದಲ ಸಾಮಾನು ನನ್ನ ಟ್ರಂಕು. ಮತ್ತೆಂದೂ ನಾನು ತಡವಾಗಿ ಹೋಗಲಿಲ್ಲ. ತಾತ ಆ ಪಾಲ ನಿನಗಾಗಿ ಎಂದು ಒಮ್ಮೆಯೂ ಅನ್ನಲಿಲ್ಲ. ನಾನೂ ಥ್ಯಾಂಕ್ ಯೂ ಎನ್ನಲಿಲ್ಲ. ನಮ್ಮ ಮನೆಮಾತಾದ ಕೊಡವ ತಕ್ಕಿನಲ್ಲಿ ತಾತನಿಗೆ ಅದನ್ನು ಹೇಗೆ ಹೇಳುವುದೆಂದು ಇವತ್ತಿಗೂ ಗೊತ್ತಿಲ್ಲ.

ನಾನು ಕಾನ್ವೆಂಟು ಮುಗಿಸಿ ಬಂದ ವರ್ಷ, ಜುಲೈ ತಿಂಗಳಲ್ಲಿ, ತಾತ ತೀರಿಕೊಂಡರು. ಅಪ್ಪ ಅಂಗಳದಲ್ಲಿ ನಿಂತು ಎರಡು ಗುಂಡು ಹೊಡೆದರು. ಈಚೆಯ ಮೂರು ಮನೆಯವರು ಬಂದರು. ಆಚೆಯಿಂದ ಯಾರೂ ಬರಲಿಲ್ಲ. ಕಾದು ಸಾಕಾಗಿ ನಾನೇ ಮಳೆಯಲ್ಲಿ ಪಾಲ ದಾಟಿ ಕೊನೆಯ ಮನೆಗೆ ಹೋದೆ.

ದೊಡ್ಡಮ್ಮ ಒಲೆಯ ಮುಂದೆ ಕೈ ಕಾಯಿಸುತ್ತಿದ್ದರು. "ಈ ಸಲ ಎಂತ, ರಸ್ತೆಯಾ?" ಎಂದು ತಿರುಗಿದರು. ನನ್ನ ಬಿಳಿ ಸೀರೆ ಕಂಡಿತು.

"ಅವತ್ತೇ ಅತ್ತಾಗಿತ್ತಲ್ಲ ಮಗಾ," ಎಂದರು.

ಕೊಡೆ ಬಿಚ್ಚಿ ನನ್ನ ಹಿಂದೆ ಹೊರಟರು. ಪಾಲದ ನಡುವೆ ಬಂದಾಗ ಕೈಯಾಸರೆ ಹಿಡಿದು ನಿಂತು ಮತ್ತೆ ಅತ್ತರು. ಆ ಅಳು ಕೇಳಿದ ಮೇಲೆ ಆಚೆಯ ಉಳಿದ ಮನೆಯವರೂ ಬಿಳಿ ಬಟ್ಟೆ ಉಟ್ಟು ಹೊರಟರು.